ನಲವತ್ತೆಂಟರ ಬಾಲ

ಕಂಪ್ಯೂಟರ್ ಮುಂದೆ ಕೂತು ಅಂಕಿ ತುಂಬುವ ಕೆಲಸಕ್ಕೆ ಈಗ ಬರುತ್ತಿರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇಷ್ಟೇ: ಪರದೆಯ ಮೇಲೆ ಕಾಣುವ ಅಂಕಿಯೇ ಒಳಗೂ ಇದೆ ಎಂದು ನಂಬಿ ಕೂರಬೇಡಿ. ಹೊರಗೆ ಒಂದು, ಒಳಗೆ ಇನ್ನೊಂದು ಇಟ್ಟುಕೊಳ್ಳುವುದು ಮನುಷ್ಯರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ಡೇಟಾಬೇಸಿಗೂ ಗೊತ್ತಿದೆ. ಆದರೆ ಪಾಪ, ಅದಕ್ಕೆ ಮೋಸದ ಬುದ್ಧಿ ಇಲ್ಲ. ಅದೊಂದು ದೇವರ ದಯೆ.

ನಾನು ಮೊದಲು ಗೃಹಿಣಿ, ಆಮೇಲೆ ಉಳಿದದ್ದೆಲ್ಲ. ಧಾರವಾಡದ ಕಡೆಯಿಂದ ಮದುವೆಯಾಗಿ ದಾಂಡೇಲಿಗೆ ಬಂದವಳು. ಯಜಮಾನರಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ, ಬಂಗೂರನಗರದಲ್ಲಿ ಎರಡು ಕೋಣೆಯ ಮನೆ. ಮಕ್ಕಳು ಶಾಲೆಗೆ ಹೋದಮೇಲೆ, ಪೂಜೆ ಮುಗಿದಮೇಲೆ, ಕುಕ್ಕರ್ ಇಳಿಸಿದಮೇಲೆ ಮಧ್ಯಾಹ್ನದವರೆಗೆ ಕೈ ಖಾಲಿ. ಅದೇ ಹೊತ್ತಿಗೆ ಜೋಶಿ ಸರ್ ನಮ್ಮ ಓಣಿಯ ತುದಿಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದರು. ಶಾಲೆ, ದವಾಖಾನೆ, ಸೊಸೈಟಿಗಳಿಂದ ಕೆಲಸ ತಂದು ಅಂಕಿ ತುಂಬಿಸಿ ಕೊಡುವುದು ಅವರ ಉದ್ಯೋಗ. ಟೈಪಿಂಗ್ ಬರುತ್ತದೆ ಎಂದು ನನ್ನನ್ನು ಕರೆದರು. ಕಣ್ಣಿಗೆ ಪೊರೆ ಬರುವವರೆಗೂ ಅಲ್ಲೇ ಇದ್ದೆ. ಬಡ್ತಿಯ ಮಾತು ಕೇಳಬೇಡಿ. ಬಾಗಿಲ ಬಳಿಯ ಕುರ್ಚಿಯಿಂದ ಫ್ಯಾನಿನ ಕೆಳಗಿನ ಕುರ್ಚಿಗೆ ಬಂದದ್ದೇ ನನ್ನ ಬಡ್ತಿ, ಅದಕ್ಕೂ ದಾಂಡೇಲಪ್ಪನಿಗೆ ಕಾಯಿ ಒಡೆಸಿದ್ದೆ.

ಮೊದಲ ಫಜೀತಿ ತೊಂಬತ್ತರ ದಶಕದ ಆರಂಭದ್ದು. ಶಾಲೆಯೊಂದರಲ್ಲಿ ಆರೋಗ್ಯ ತಪಾಸಣೆ ನಡೆದಿತ್ತು. ಮಕ್ಕಳ ತೂಕ ತುಂಬುತ್ತಿದ್ದೆ. ಕಪ್ಪು ಪರದೆ, ಹಸಿರು ಅಕ್ಷರ. ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಮಕ್ಕಳದೆಲ್ಲ ಮುಗಿದಮೇಲೆ ಮಾಸ್ತರರ ತೂಕವನ್ನೂ ಅದೇ ಪಟ್ಟಿಗೆ ಸೇರಿಸಲು ಸರ್ ಒಂದು ಆಜ್ಞೆ ಕೊಟ್ಟರು. ಎಲ್ಲರ ಮುಂದೆ ಅಂಕಿ ಬಂತು, ಒಂದು ಸಾಲಿನಲ್ಲಿ ಮಾತ್ರ ಅಂಕಿಯ ಬದಲು ನಾಲ್ಕು ನಕ್ಷತ್ರ ಮೂಡಿದವು. ನಾನು ಗಾಬರಿಯಾಗಿ ಕೈಮುಗಿದುಬಿಟ್ಟೆ.

"ಸರ್, ಇಲ್ಲೆ ನಕ್ಷತ್ರ ಬಂದಾವ್ರಿ!"

ಜೋಶಿ ಸರ್ ಎದ್ದು ಬರಲೂ ಇಲ್ಲ. "ಯಾರ ಸಾಲಿನಾಗ ಬಂದಾವ ನೋಡ್ರಿ."

"ಹೆಡ್‌ಮಾಸ್ತರರದ್ದರಿ."

"ಹಂಗಾರ ಸರಿ ಅದ ಬಿಡ್ರಿ. ನಾವು ಮಾಡಿದ ಡಬ್ಬಿ ಮಕ್ಕಳಿಗೆ ಅಂತ. ಪಾಯಿಂಟಿನ ಹಿಂದ ಎರಡ ಅಂಕಿ ಹಿಡಿಸ್ತದ. ಹೆಡ್‌ಮಾಸ್ತರು ನೂರು ದಾಟ್ಯಾರ. ಡಬ್ಬಿ ಸಣ್ಣದು, ಲಾಡು ದೊಡ್ಡದು."

ಕಂಪ್ಯೂಟರಿನ ಅಂಕಿಗೆ ಒಂದು ಡಬ್ಬಿ ಇರುತ್ತದೆ, ಡಬ್ಬಿಯ ಅಳತೆ ನಾವೇ ಹೇಳಬೇಕು ಎಂಬುದು ಅವತ್ತು ತಿಳಿಯಿತು. ಹಿಡಿಸದಿದ್ದರೆ ಅದು ಸುಳ್ಳು ಅಂಕಿ ತೋರಿಸುವುದಿಲ್ಲ, ನಕ್ಷತ್ರ ತೋರಿಸಿ ಕೈಯೆತ್ತುತ್ತದೆ. ಅಷ್ಟು ಪ್ರಾಮಾಣಿಕತೆ ಎಷ್ಟು ಮಂದಿಗೆ ಇದೆ ಹೇಳಿ.

ಮುಂದೆ ಬಣ್ಣದ ಪರದೆ ಬಂತು, ಇಲಿ ಬಂತು, ಕೆಲಸ ಹೊರಊರಿಗೂ ಹಬ್ಬಿತು. ಸರ್ ಕಂಪ್ಯೂಟರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಜೀಪಿನಲ್ಲಿ ಇಟ್ಟುಕೊಂಡು ಹೊರಡುವರು, ಪಕ್ಕದಲ್ಲಿ ನಾನು ಬುತ್ತಿಗಂಟು ಹಿಡಿದು ಕೂರುವೆ. ಜೊಯಿಡಾಕ್ಕೆ ಹೋದರೆ ಕರೆಂಟು ಇದ್ದಾಗ ಕೆಲಸ, ಹೋದಾಗ ನನ್ನ ಭಜನೆ. ಕೆಲಸಕ್ಕಿಂತ ಭಜನೆಯೇ ಹೆಚ್ಚು ಆಗುತ್ತಿತ್ತು ಎಂದು ಸರ್ ಚೇಷ್ಟೆ ಮಾಡುವರು.

ಮುಂಡಗೋಡದ ಟಿಬೆಟನ್ ಕಾಲೊನಿಯ ಹತ್ತಿರ ಗೋವಿನಜೋಳ ಕೂಡಿಡುವ ಒಂದು ಗೋದಾಮು ಇತ್ತು. ಜೋಳದಲ್ಲಿ ತೇವ ಎಷ್ಟಿದೆ ಎಂದು ಮಿಷನ್ನಿನಲ್ಲಿ ನೋಡಿ ನಮಗೆ ಹೇಳುವರು, ನಾನು ತುಂಬುವೆ. ನೂರಕ್ಕೆ ಹದಿನಾಲ್ಕರವರೆಗೆ ತೇವ ಇದ್ದರೆ ಒಳಗೆ, ದಾಟಿದರೆ ಮತ್ತೆ ಬಿಸಿಲಿಗೆ. ಪಾಯಿಂಟು ಗೀಯಿಂಟು ಯಾಕೆ ಎಂದು ಸರ್ ಎಲ್ಲವನ್ನೂ ಪೂರ್ಣ ಅಂಕಿಗೆ ತಿರುಗಿಸಿ ತೋರಿಸುವಂತೆ ಮಾಡಿದ್ದರು. ಕ್ಯಾಂಪಿನ ಒಬ್ಬ ಹಿರಿಯಳು, ಎಲ್ಲರೂ ಅವರ ಭಾಷೆಯಲ್ಲಿ ಅಮ್ಮಾ ಎಂಬಂತೆ ಅಮಾಲಾ ಎನ್ನುತ್ತಿದ್ದರು, ತನ್ನ ಚೀಟಿಯನ್ನೂ ನೆರೆಯವಳ ಚೀಟಿಯನ್ನೂ ಪಕ್ಕಪಕ್ಕ ಹಿಡಿದು ನನ್ನ ಮುಂದೆ ಬಂದು ನಿಂತಳು. ಮೂವತ್ತು ವರ್ಷ ಇಲ್ಲಿಯ ಸಂತೆ ಮಾಡಿದವಳು, ಕನ್ನಡ ನನ್ನಷ್ಟೇ ಜೋರು.

"ಅಕ್ಕಾ, ಇಕೀ ಜೋಳ ಹದಿಮೂರೂವರೀ, ನಂದು ಹದಿನಾಲ್ಕೂವರೀ. ಮಿಷನ್‌ನಾಗ ನಾನ ನೋಡೇನಿ. ನಿಮ್ಮ ಚೀಟಿಯೊಳಗ ಇಬ್ಬರದೂ ಹದಿನಾಲ್ಕು ಹೆಂಗ ಆತು?"

ಸರ್ ತಲೆ ಕೆರೆದುಕೊಂಡರು. ಆಮೇಲೆ ಪುಸ್ತಕ ನೋಡಿ ಬಂದು ಹೇಳಿದರು: ಸರಿಯಾಗಿ ಅರ್ಧ ಬಂದಾಗ ಈ ಸಾಫ್ಟ್‌ವೇರು ಯಾವಾಗಲೂ ಮೇಲಕ್ಕೆ ಏರಿಸುವುದಿಲ್ಲ. ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಹಾಗಾಗಿ ಹದಿಮೂರೂವರೆ ಏರಿ ಹದಿನಾಲ್ಕಾಯಿತು, ಹದಿನಾಲ್ಕೂವರೆ ಇಳಿದು ಹದಿನಾಲ್ಕಾಯಿತು. ದೊಡ್ಡ ದೊಡ್ಡ ಮೊತ್ತ ಕೂಡಿಸುವಾಗ ಒಂದೇ ಕಡೆ ವಾಲಬಾರದು ಎಂದು ಮಾಡಿದ ಪದ್ಧತಿ ಅದು.

"ಪದ್ಧತಿ ಚೊಲೋ ಐತಿ," ಎಂದಳು ಅಮಾಲಾ, "ಆದ್ರ ನನ್ನ ಹಸಿ ಜೋಳ ಒಳಗ ಹೋದ್ರ ಎಲ್ಲಾರ ಜೋಳಕ್ಕೂ ಬೂಸ್ಟು ಹಿಡೀತೈತಿ. ನಾ ಒಣಗಸ್ತೇನಿ. ಇಳಿಸ್ರಿ ಚೀಲ."

ಅಂಕಿ ಅವಳ ಕಡೆಗೇ ಇತ್ತು, ಆದರೂ ಚೀಲ ಇಳಿಸಿಕೊಂಡಳು. ಅವತ್ತಿನಿಂದ ನಾವು ಪದ್ಧತಿ ಬದಲಿಸಿದೆವು. ಅಳತೆ ಹೇಗೆ ಬಂತೋ ಹಾಗೆಯೇ ತುಂಬುವುದು, ಅರ್ಧವನ್ನು ಅರ್ಧ ಎಂದೇ ಬರೆಯುವುದು, ಸರಿಮಾಡುವುದಿದ್ದರೆ ಕಟ್ಟಕಡೆಗೆ. ಇನ್ನು ನಮಗೆ ಪಾಯಿಂಟಿನ ಭಯ ಇಲ್ಲ ಎಂದು ಇಬ್ಬರೂ ಎದೆಯುಬ್ಬಿಸಿಕೊಂಡೆವು. ಎದೆ ಇಳಿಸುವವರು ಹಳಿಯಾಳದಲ್ಲಿ ಕಾಯುತ್ತಿದ್ದರು.

ಹಳಿಯಾಳದ ಮಣ್ಣಿನ ಗುಣವೇ ಕುಸ್ತಿ. ಎರಡು ಸಾವಿರದ ಇಸವಿ ದಾಟಿದಮೇಲೆ ಹುಡುಗಿಯರೂ ಕಣಕ್ಕೆ ಇಳಿಯತೊಡಗಿದ್ದರು. ಒಂದು ಸಮಿತಿಯವರು ಸುತ್ತಲ ತಾಲೂಕುಗಳ ಹುಡುಗ ಹುಡುಗಿಯರ ಆಯ್ಕೆ ಕುಸ್ತಿ ಇಟ್ಟರು. ಒಂದೊಂದು ತೂಕದ ಗುಂಪಿನಲ್ಲಿ ಗೆದ್ದ ಒಬ್ಬರಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ. ಊಟ, ಹಾಲು, ತತ್ತಿ, ಶಾಲೆ, ಎಲ್ಲ ಅಲ್ಲೇ. ತೂಕ ತುಂಬಿ ಗುಂಪು ಮಾಡಿಕೊಡುವ ಕೆಲಸ ನಮ್ಮದು.

ಅಂದು ಮುಂಜಾನೆ ತೂಕ ಸುರುವಾಯಿತು. ಹುಡುಗರು ಲಂಗೋಟಿಯಲ್ಲಿ ಬಂದು ಹನುಮಪ್ಪನ ಪಟಕ್ಕೆ ಕೈಮುಗಿದು ತೂಕದ ಯಂತ್ರದ ಮೇಲೆ ಹತ್ತುವರು, ಇಳಿಯುವರು. ಹುಡುಗಿಯರನ್ನು ಅಷ್ಟು ಗಂಡಸರ ಮುಂದೆ ಸಣ್ಣ ಬಟ್ಟೆಯಲ್ಲಿ ನಿಲ್ಲಿಸುವುದಿಲ್ಲ ಎಂದು ತಾಯಂದಿರು ಪಟ್ಟು ಹಿಡಿದರು. ಸರಿಯಾಗಿಯೇ ಹಿಡಿದರು. ಸಮಿತಿಯ ಹಿರಿಯರಾದ ಪಾಟೀಲರು, ನಿವೃತ್ತ ದೈಹಿಕ ಶಿಕ್ಷಕರು, ಒಂದು ದಾರಿ ಹುಡುಕಿದರು. ಹುಡುಗಿಯರು ಚೂಡಿದಾರದಲ್ಲೇ ನಿಲ್ಲಲಿ, ಒಂದು ಜೊತೆ ಬಟ್ಟೆ ತೂಗಿ ನೋಡಿ ಅಷ್ಟನ್ನು ಎಲ್ಲರಿಗೂ ಕಳೆಯೋಣ. ತೂಗಿದರೆ ನಾನೂರು ಗ್ರಾಂ ಬಂತು. ಹೀಗಾಗಿ ಹುಡುಗರ ತೂಕ ಯಂತ್ರದಲ್ಲಿ ಬಂದಹಾಗೆ, ಹುಡುಗಿಯರ ತೂಕದಲ್ಲಿ ಪಾಯಿಂಟ್ ನಾಲ್ಕು ಕಳೆದು ಗುಂಪು ಮಾಡುವಂತೆ ಜೋಶಿ ಸರ್ ಕಂಪ್ಯೂಟರಿಗೆ ಹೇಳಿದರು.

ಮಧ್ಯಾಹ್ನ ಪಟ್ಟಿ ಗೋಡೆಗೆ ಅಂಟಿಸಿ ಒಳಗೆ ಬಂದು ನೀರು ಕುಡಿಯುತ್ತಿದ್ದೆ. ಕಾಸೆ ಹಾಕಿ ಸೀರೆ ಉಟ್ಟ ಒಬ್ಬ ಹೆಂಗಸು ಮಗಳ ರಟ್ಟೆ ಹಿಡಿದುಕೊಂಡು ಒಳಗೆ ನುಗ್ಗಿದಳು. ಚಿಗಳ್ಳಿಯ ಗಂಗವ್ವ. ಮಗಳು ಕಸ್ತೂರಿ. ಹುಡುಗಿಯ ತುಟಿ ಒಣಗಿ ಬಿರಿದಿತ್ತು.

"ಕಂಪ್ಯೂಟರಿನ ಅಕ್ಕಾರು ನೀವೇನ್ರಿ? ಗಂಡುಮಕ್ಕಳ ನಲವತ್ತೆಂಟು ಬ್ಯಾರೆ, ಹೆಣ್ಣುಮಕ್ಕಳ ನಲವತ್ತೆಂಟು ಬ್ಯಾರೆ ಏನ್ರಿ?"

"ಯಾಕವ್ವಾ, ಏನಾತು?"

"ಹೊರಗ ಬಂದು ನೋಡ್ರಿ."

ಹೋಗಿ ನೋಡಿದೆ. ನಲವತ್ತೆಂಟು ಕಿಲೋವರೆಗಿನ ಹುಡುಗರ ಗುಂಪಿನಲ್ಲಿ ಒಬ್ಬನ ತೂಕ 48.0 ಎಂದಿತ್ತು. ಅವನು ಗುಂಪಿನ ಒಳಗೇ ಇದ್ದ. ಕಸ್ತೂರಿಯ ತೂಕವೂ 48.0 ಎಂದೇ ಇತ್ತು. ಆದರೆ ಅವಳ ಹೆಸರು ಮೇಲಿನ ಗುಂಪಿನಲ್ಲಿ, ಐವತ್ತೊಂದರಲ್ಲಿ.

"ಆ ಐವತ್ತೊಂದರಾಗ ಯಾರ ಅದಾರ ಗೊತ್ತೈತೇನ್ರಿ? ಹೋದ ವರ್ಷ ಜಾತ್ರ್ಯಾಗ ಎಲ್ಲಾರ್ನೂ ಎತ್ತಿ ಒಗದಾಕಿ ಅದಾಳ. ನನ್ನ ಮಗಳು ನಿನ್ನೆ ಮಧ್ಯಾಹ್ನದಿಂದ ಉಂಡಿಲ್ಲ. ನೀರು ಸುದ್ದಾ ಬಾಯಾಗ ಹಾಕ್ಕೊಂಡು ಉಗಳ್ಯಾಳ. ನಲವತ್ತೆಂಟಕ್ಕ ತಂದು ನಿಲ್ಲಿಸೇವಿ. ಈ ಸಲ ಹಾಸ್ಟೆಲ್ ಸಿಗಲಿಲ್ಲಂದ್ರ ಇಕೀ ಸಾಲಿ ಮುಗೀತು. ಹೈಸ್ಕೂಲು ದೂರ, ಬಸ್ಸಿಲ್ಲ, ಇವರಪ್ಪ ಒಬ್ಬಾಕೀನ ಕಳಸಾಂವ ಅಲ್ಲ."

"ಈಗರೆ ಉಣಬೇಕಿಲ್ಲೇನ ತಂಗಿ? ತೂಕ ಮುಗದೈತಲ್ಲ," ಎಂದೆ.

ಕಸ್ತೂರಿ ಮೊದಲ ಸಲ ಬಾಯಿಬಿಟ್ಟಳು. "ಮತ್ತೊಮ್ಮೆ ತೂಗ್ತೀವಿ ಅಂದ್ರ ಏನ್ ಮಾಡ್ಲಿರಿ?"

ನಾನೂ ಏಕಾದಶಿ ಮಾಡುವವಳು, ಆದರೆ ನನ್ನ ಉಪವಾಸದಲ್ಲಿ ಬಾಳೆಹಣ್ಣು, ಹಾಲು, ಸಾಬೂದಾಣಿ ಎಲ್ಲ ನಡೆಯುತ್ತದೆ. ಈ ಹುಡುಗಿಯದು ನಿಜವಾದ ಉಪವಾಸ. ಒಳಗೆ ಹೋಗಿ ಸರ್ ಅವರನ್ನು ಎಬ್ಬಿಸಿದೆ. ಊಟಕ್ಕೆ ಕೈ ತೊಳೆದು ಕೂತಿದ್ದರು ಪಾಪ.

"ಸರ್, ಎರಡೂ ನಲವತ್ತೆಂಟು ಪಾಯಿಂಟ್ ಸೊನ್ನೆ. ಒಂದು ಒಳಗ, ಒಂದು ಹೊರಗ."

"ಹಂಗ ಆಗೂದಿಲ್ಲ."

"ಆಗೇದ್ರಿ."

ಸರ್ ಬಂದು ನೋಡಿದರು. ನಾನು ತುಂಬಿದ್ದು 48.4, ಸರಿಯಾಗಿಯೇ ಇತ್ತು. ಕಳೆದದ್ದು 0.4, ಅದೂ ಸರಿ. ಉಳಿದದ್ದು 48.0. ಆಮೇಲೆ ಪಾಯಿಂಟಿನ ಮುಂದೆ ಒಂದೇ ಅಂಕಿ ತೋರಿಸು ಎಂದು ಕೊಟ್ಟಿದ್ದ ಅಪ್ಪಣೆಯನ್ನು ಬದಲಿಸಿ ಏಳು ಅಂಕಿ ತೋರಿಸು ಎಂದರು. ಪರದೆಯ ಮೇಲೆ ಬಂತು ನೋಡಿ: 48.0000015.

"ಅಯ್ಯೋ, ಬಾಲ ಅದ," ಎಂದರು ಸರ್.

ನಾವು ಸಂತೋಷದಿಂದ ಪಾಟೀಲರನ್ನು ಕರೆದುಕೊಂಡು ಬಂದು ತೋರಿಸಿದೆವು. ಅವರು ಕನ್ನಡಕ ಏರಿಸಿ ಓದಿದರು, ಎರಡು ಸಲ ಓದಿದರು.

"ಹಂಗಾದ್ರ ಕಂಪ್ಯೂಟರ್ ಕರೆಕ್ಟ್ ಹೇಳೇತಿ. ಹುಡಿಗಿ ನಲವತ್ತೆಂಟು ದಾಟ್ಯಾಳ. ಸ್ವಲ್ಪ ಆಗಲಿ, ಭಾಳ ಆಗಲಿ, ದಾಟಿದ್ದು ದಾಟಿದ್ದ. ನಾ ಇವತ್ತು ಇಕೀಗೆ ಬಿಟ್ರ ನಾಳೆ ಎಲ್ಲಾರೂ ಬರ್ತಾರ."

ಇದೊಳ್ಳೆ ಪೇಚಾಯಿತು. ಸಾಕ್ಷಿ ಎಂದು ತಂದು ತೋರಿಸಿದ್ದೇ ನಮ್ಮ ಮೇಲೆ ತಿರುಗಿತು. ಪಾಟೀಲರು ಕೆಟ್ಟವರಲ್ಲ. ತಮ್ಮ ತಮ್ಮನ ಮಗನನ್ನೇ ಅದೇ ಮುಂಜಾನೆ ತೂಕ ಹೆಚ್ಚಾಯಿತೆಂದು ಹೊರಗೆ ಹಾಕಿದ್ದರು. ಅಂಥವರ ಎದುರು ಅಳುವುದರಿಂದ ಏನೂ ಆಗದು.

ಗಂಗವ್ವ ಅಳಲೂ ಇಲ್ಲ. "ಪಾಟೀಲರ, ಒಂದು ಮಾತು ಕೇಳ್ತೇನಿ. ನಿಮ್ಮ ತೂಕದ ಯಂತ್ರ ಇಷ್ಟ ಉದ್ದ ಬಾಲ ತೋರಸತೈತೇನ್ರಿ?"

"ಇಲ್ಲ. ಒಂದ ಅಂಕಿ ತೋರಸತೈತಿ."

"ಮತ್ತ ಬಾಲ ಎಲ್ಲಿಂದ ಬಂತು?"

ಪಾಟೀಲರು ಜೋಶಿ ಸರ್ ಕಡೆ ನೋಡಿದರು. ಸರ್ ಮುಖದಲ್ಲಿ ದೀಪ ಹೊತ್ತಿದ ಹಾಗಾಯಿತು. ಪಾಟೀಲರನ್ನು ನನ್ನ ಕುರ್ಚಿಯಲ್ಲಿ ಕೂರಿಸಿದರು. "ನೀವ ತುಂಬ್ರಿ ಸಾಹೇಬರ. ಹೆಸರು ಹಾಕಬ್ಯಾಡ್ರಿ. ತೂಕ ನಲವತ್ತೆಂಟು ಪಾಯಿಂಟ್ ನಾಲ್ಕು ಅಂತ ಒತ್ರಿ. ಯಂತ್ರದ ಮ್ಯಾಲೆ ಯಾರೂ ನಿಂತಿಲ್ಲ, ನೋಡ್ಕೋರಿ."

ಪಾಟೀಲರು ಒಂದೇ ಬೆರಳಿನಲ್ಲಿ, ತುಂಬ ಹೊತ್ತು ಹುಡುಕಿ ಹುಡುಕಿ ಒತ್ತಿದರು. ಸರ್ ಪಾಯಿಂಟ್ ನಾಲ್ಕು ಕಳೆಸಿದರು. 48.0000015. ಅದೇ ಬಾಲ.

"ಯಾರೂ ಇಲ್ಲಲ್ಲೋ!" ಎಂದು ಪಾಟೀಲರು ಖಾಲಿ ಯಂತ್ರದ ಕಡೆ ತಿರುಗಿ ನೋಡಿಯೇಬಿಟ್ಟರು.

"ನೋಡಿದಿರಿಲ್ಲೊ," ಎಂದಳು ಗಂಗವ್ವ, "ಅದು ನನ್ನ ಮಗಳ ಮೈದಲ್ಲ. ನಿಮ್ಮ ಪೆಟಗೀದು."

ಕಾರಣವನ್ನು ಸರ್ ಹೇಳಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ನನ್ನ ಬುತ್ತಿಯಲ್ಲಿದ್ದ ಒಂದು ಹೋಳಿಗೆ ಕೈಗೆತ್ತಿಕೊಂಡರು. "ಅಕ್ಕಾರ, ಇದನ್ನ ಮಡಚಿ ಅರ್ಧ ಮಾಡ್ರಿ. ಅರ್ಧದ ಅರ್ಧ ಮಾಡ್ರಿ, ಅದರದೂ ಅರ್ಧ. ಬರೇ ಅರ್ಧ ಮಾಡೂದಕ್ಕ ಅಪ್ಪಣೆ. ಈ ತುಣುಕು ಕೂಡಿಸಿ ಹತ್ತರಾಗ ನಾಲ್ಕು ಪಾಲು ಸರಿಯಾಗಿ ಕೊಡ್ರಿ ನೋಡೂಣು."

ಆಗುವುದಿಲ್ಲ. ಕಾಲು ಪಾಲು, ಅದಕ್ಕೆ ಎಂಟನೆಯ ಒಂದು ಪಾಲು, ಅದಕ್ಕೆ ಇನ್ನೂ ಸಣ್ಣ ಚೂರು, ಹೀಗೆ ಹತ್ತಿರ ಹತ್ತಿರ ಬರುತ್ತದೆ, ಎಂದೂ ಸರಿಯಾಗಿ ಮುಟ್ಟುವುದಿಲ್ಲ. ಕಂಪ್ಯೂಟರಿಗೆ ಗೊತ್ತಿರುವುದು ಅರ್ಧ ಮಾಡುವುದೊಂದೇ. ಪಾಯಿಂಟ್ ಐದು ಎಂದರೆ ಅರ್ಧ, ಅದು ಸಲೀಸು. ಪಾಯಿಂಟ್ ನಾಲ್ಕು ಎಂದರೆ ಎಲ್ಲೋ ಒಂದು ಕಡೆ ಕೈ ನಿಲ್ಲಿಸಿ ಇಷ್ಟು ಸಾಕು ಎನ್ನಬೇಕು. ನಾವು ತೂಕ ಇಡಲು ಆರಿಸಿದ ಡಬ್ಬಿ ಸಣ್ಣದು, ಅದು ಬೇಗ ಕೈ ನಿಲ್ಲಿಸಿತು, ತುಸು ಹೆಚ್ಚೇ ಇಟ್ಟುಕೊಂಡಿತು. ಕಳೆಯುವ ಪಾಯಿಂಟ್ ನಾಲ್ಕನ್ನು ಕಂಪ್ಯೂಟರು ಇನ್ನೂ ನುಣ್ಣಗೆ ಅಳೆದಿತ್ತು. ದಪ್ಪ ಚೂರಿನಲ್ಲಿ ನುಣ್ಣನೆಯ ಚೂರು ಕಳೆದರೆ ಪುಡಿ ಉಳಿಯಿತು. ಒಂದು ಅಂಕಿ ತೋರಿಸುವಾಗ ಪುಡಿ ಕಾಣುವುದಿಲ್ಲ, ಗುಂಪು ಮಾಡುವಾಗ ಮಾತ್ರ ಕಂಪ್ಯೂಟರು ಪುಡಿಯನ್ನೂ ಎಣಿಸುತ್ತದೆ. ಹುಡುಗರಿಗೆ ಯಾಕೆ ಆಗಲಿಲ್ಲ ಎಂದರೆ ಅವರಿಗೆ ಕಳೆಯುವುದೇ ಇರಲಿಲ್ಲ. ಇಡೀ ನಲವತ್ತೆಂಟು ಕಂಪ್ಯೂಟರಿಗೆ ಇಡೀ ಹೋಳಿಗೆ ಇದ್ದಹಾಗೆ. ಚೂಡಿದಾರ ಹಾಕಿದವರಿಗೆ ಮಾತ್ರ ಬಾಲ.

"ಹೆಣ್ಣುಮಕ್ಕಳು ಮೈತುಂಬ ಬಟ್ಟೀ ಹಾಕ್ಕೊಂಡ್ರೂ ತಪ್ಪು," ಎಂದಳು ಗಂಗವ್ವ. ಪಾಟೀಲರೂ ನಕ್ಕುಬಿಟ್ಟರು.

ಸರ್ ಮಾಡಿದ ಪರಿಹಾರ ಸರಳ. ಕಿಲೋ ಬಿಟ್ಟು ಗ್ರಾಂನಲ್ಲಿ ಇಡಿಸಿದರು. ನಲವತ್ತೆಂಟು ಸಾವಿರದ ನಾನೂರರಲ್ಲಿ ನಾನೂರು ಹೋದರೆ ನಲವತ್ತೆಂಟು ಸಾವಿರ. ಪಾಯಿಂಟೇ ಇಲ್ಲದಮೇಲೆ ಪುಡಿ ಎಲ್ಲಿಂದ? ಎಲ್ಲರ ತೂಕವನ್ನೂ ಹಾಗೆ ತಿರುಗಿಸಿ, ಒಂದೊಂದನ್ನೂ ನಾನು ಗಟ್ಟಿಯಾಗಿ ಓದಿ, ಪಾಟೀಲರು ಹೂಂಗುಟ್ಟಿ, ಗುಂಪು ಮತ್ತೆ ಮಾಡಿದೆವು. ಕಸ್ತೂರಿಯ ಹಾಗೆಯೇ ಅಂಚಿನ ಮೇಲೆ ನಿಂತಿದ್ದ ಇನ್ನಿಬ್ಬರು ಹುಡುಗಿಯರೂ ತಮ್ಮ ತಮ್ಮ ಗುಂಪಿಗೆ ಮರಳಿದರು. ಅವರಿಗೆ ತಾವು ತಪ್ಪು ಗುಂಪಿನಲ್ಲಿದ್ದೆವು ಎಂಬುದೇ ತಿಳಿದಿರಲಿಲ್ಲ. ಯುವತಿಯರೇ, ಇದನ್ನು ನೆನಪಿಡಿ. ಗಂಗವ್ವನಂಥವರು ಕೂಗಾಡಲು ಬಂದಾಗ ಎದ್ದು ನಿಂತು ಕೇಳಿ. ಒಬ್ಬರು ಕೂಗಿದರೆ, ಕೂಗದ ಇನ್ನೂ ಕೆಲವರು ಹಿಂದೆ ಇರುತ್ತಾರೆ.

ಹೊಸ ಪಟ್ಟಿ ಗೋಡೆಗೆ ಹತ್ತಿತು. ಪಾಟೀಲರೇ ಕಸ್ತೂರಿಯ ಹೆಸರಿನ ಮೇಲೆ ಬೆರಳಿಟ್ಟು, "ನಲವತ್ತೆಂಟು. ಹೋಗು, ತಯಾರಾಗು," ಎಂದರು.

ಹುಡುಗಿ ಕುಣಿಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಪಟ್ಟಿಯ ಕಡೆ ನೋಡಲೂ ಇಲ್ಲ.

"ಅಕ್ಕಾರ, ಇನ್ನ ಉಣಬಹುದೇನ್ರಿ?"

ನನ್ನ ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಸರ್ ಮಡಚಿ ಮಡಚಿ ಚೂರು ಮಾಡಿಟ್ಟಿದ್ದ ಹೋಳಿಗೆ. ಎಲ್ಲ ಹೋಯಿತು. ಸರ್ ತಮ್ಮ ಡಬ್ಬಿಯನ್ನೂ ಮುಂದೆ ಸರಿಸಿದರು. ಅದೂ ಹೋಗುತ್ತಿತ್ತು, ಪಾಟೀಲರು ಬಂದು ಕೂಗಿದರು.

"ಏ ಹುಡಿಗಿ, ಸಾಕು! ಕುಸ್ತಿ ಆಡಬೇಕು ನೀ. ಹೊಟ್ಟಿ ಹೊತ್ಕೊಂಡು ಆಡ್ತೀ ಏನು?"

"ಆಡ್ತೇನಿ ಬಿಡ್ರಿ," ಎಂದಳು ಬಾಯಿ ತುಂಬ ಇಟ್ಟುಕೊಂಡು.

ಅಲ್ಲಿಯವರೆಗೆ ನಾನು ಹೆಣ್ಣುಮಕ್ಕಳ ಕುಸ್ತಿ ಕಂಡವಳಲ್ಲ. ಕಣ್ಣು ಮುಚ್ಚಿಕೊಂಡು ನಾಮಸ್ಮರಣೆ ಮಾಡುತ್ತ ಕೂರೋಣ ಎಂದು ಹೋದೆ. ಹಲಗೆ ಬಡಿಯತೊಡಗಿದಮೇಲೆ ಕಣ್ಣು ಯಾವಾಗ ತೆರೆಯಿತೋ ತಿಳಿಯದು. ಮೊದಲಿನ ಎರಡು ಕುಸ್ತಿ ಕಸ್ತೂರಿ ಸುಲಭವಾಗಿ ಗೆದ್ದಳು. ಕಡೆಯದರಲ್ಲಿ ಹಳಿಯಾಳದ್ದೇ ಹುಡುಗಿ, ಬಲು ಚುರುಕು. ಅವಳು ಕಸ್ತೂರಿಯ ಕಾಲಿಗೆ ಕೈ ಹಾಕಿ ಎಳೆದಳು. ಕಸ್ತೂರಿ ಮಂಡಿಯೂರಿದಳು. ನಾನು ಎದ್ದು ನಿಂತು ಹೋ ಎಂದು ಕೂಗುತ್ತಿದ್ದೆ, ಸೆರಗು ಎಲ್ಲಿತ್ತೋ. ಪಕ್ಕದಲ್ಲಿ ಸರ್ ಕೂಗುತ್ತಿದ್ದರು, ಗಂಗವ್ವ ಮಾತ್ರ ನನ್ನ ಕೈಯನ್ನು ಹಿಂಡಿ ಹಿಡಿದಿದ್ದಳು. ಆ ಹುಡುಗಿ ಇನ್ನೂ ಜೋರಾಗಿ ಎಳೆಯಲು ಬಗ್ಗಿದ್ದೇ ತಡ, ಕಸ್ತೂರಿ ಅವಳ ಸೊಂಟ ಹಿಡಿದು ಒಂದು ಸುತ್ತು ಹೊರಳಿದಳು. ಕೆಂಪು ಮಣ್ಣು ಎದ್ದಿತು. ಮಣ್ಣು ಇಳಿದಾಗ ಹಳಿಯಾಳದ ಹುಡುಗಿಯ ಎರಡೂ ಭುಜ ನೆಲಕ್ಕೆ ಹತ್ತಿದ್ದವು. ಪಾಟೀಲರು ಸೀಟಿ ಊದಿ ಕಸ್ತೂರಿಯ ಕೈ ಎತ್ತಿದರು. ಹಾಸ್ಟೆಲ್ಲಿನ ಜಾಗ ಅವಳದಾಯಿತು.

ಕಣದಿಂದ ಇಳಿದವಳೇ ಸೋತ ಹುಡುಗಿಯ ಬೆನ್ನಿನ ಮಣ್ಣು ಒರೆಸಿದಳು. ಆಮೇಲೆ ನೆಟ್ಟಗೆ ಬಂದದ್ದು ನಮ್ಮ ಕಡೆಗೆ, ಅಂದರೆ ಸರ್ ಅವರ ಉಳಿದ ಡಬ್ಬಿಯ ಕಡೆಗೆ. ಗಂಗವ್ವ ಮಗಳ ತಲೆಯ ಮೇಲೆ ಕೈಯಾಡಿಸಿ, ದೃಷ್ಟಿ ತೆಗೆದು, ನೆಟಿಗೆ ಮುರಿದು, ನನ್ನ ಕಡೆ ತಿರುಗಿದಳು.

"ಅಕ್ಕಾರ, ಒಂದು ಮಾತು ಬರಕೊಂಡು ಇಟ್ಟುಬಿಡ್ರಿ. ಮುಂದಿನ ವರ್ಷ ಇಕೀನ ಐವತ್ತೊಂದರಾಗ ಹಾಕ್ರಿ."

"ಅಯ್ಯ ನಿನ್ನ, ಅದಕ್ಕ ಇಷ್ಟೊತ್ತನ ಜಗಳಾ ಮಾಡಿದ್ಯಲ್ಲವ್ವಾ!"

"ಜಗಳಾ ನ್ಯಾಯದ್ದರಿ. ಆದ್ರ ಗೆಲ್ಲಲಿ, ಸೋಲಲಿ, ಕೂಸು ಉಂಡು ಆಡಲಿ."

ಕಸ್ತೂರಿ ಬಾಯಿ ತುಂಬ ಅನ್ನ ಇಟ್ಟುಕೊಂಡಿದ್ದರಿಂದ ಉತ್ತರ ಕೊಡಲಾಗಲಿಲ್ಲ. ಜೋರಾಗಿ ತಲೆಯಾಡಿಸಿದಳು.